ಕೆಳಗಿನಿಂದ ಏನೂ ತಂದಿಲ್ಲ

“ಸಮುದ್ರದ ತಳಕ್ಕೆ ಹೋಗಿದ್ದಿಯಂತ, ಏನ್ ತಂದೀ?” ಎಂದು ಧಾರವಾಡದಲ್ಲಿ ನನ್ನನ್ನು ಕೇಳದವರು ಕಡಿಮೆ. ಏನೂ ತಂದಿಲ್ಲ, ಮತ್ತೆ ಹೋದರೂ ತರುವುದಿಲ್ಲ.

ನಾನು ಇಳಿದದ್ದು ‘ಪ್ರಿನ್ಸ್ ಆಫ್ ವೇಲ್ಸ್’ ಎಂಬ ಬ್ರಿಟಿಷ್ ಯುದ್ಧನೌಕೆ ಇರುವಲ್ಲಿಗೆ. 1941ರ ಡಿಸೆಂಬರ್ 10ರಂದು ಜಪಾನಿ ವಿಮಾನಗಳ ದಾಳಿಗೆ ಸಿಕ್ಕು ಮಲೇಷ್ಯಾದ ಕುವಾಂಟನ್‌ನಿಂದಾಚೆ ಮುಳುಗಿದ ಈ ಹಡಗು ಸುಮಾರು 68 ಮೀಟರ್ ಆಳದಲ್ಲಿ ಬೋರಲು ಬಿದ್ದಿದೆ. ಅದರಲ್ಲಿದ್ದ 327 ಜನ ಸತ್ತರು. ಸ್ಮಶಾನಕ್ಕೆ ಹೋಗಿ ಬಂದವರನ್ನು ನಮ್ಮಲ್ಲಿ ಯಾರೂ ಏನು ತಂದೆ ಎಂದು ಕೇಳುವುದಿಲ್ಲ. ಮೊದಲು ಸ್ನಾನ ಮಾಡು ಎನ್ನುತ್ತಾರೆ.

ಹುಬ್ಬಳ್ಳಿಯ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಕಾಕಾ ಒಬ್ಬರು, ಗೋದಿ ಹುಗ್ಗಿಯ ಮೇಲೆ ತುಪ್ಪ ಬೀಳುವುದನ್ನೇ ಕಾಯುತ್ತಾ, “ಅಷ್ಟ ರೊಕ್ಕಾ ಸುರದು ಹೋಗಿ ಒಂದ್ ಮೊಳೀನೂ ತರಲಿಲ್ಲೇನೋ ತಮ್ಮಾ?” ಎಂದರು. (ರೊಕ್ಕ ನನ್ನದು, ಆ ಮಾತು ಬೇರೆ.) ಅದು ಬ್ರಿಟನ್ನಿನ 1986ರ ಕಾಯ್ದೆಯಡಿ ರಕ್ಷಿತ ಹಡಗು, ಮುಟ್ಟುವಂತಿಲ್ಲ ಎಂದೆ. “ಅಲ್ಲೆ ನೋಡವರು ಯಾರ್ ಇರ್ತಾರ?” ಎಂದರು. ಇಡೀ ಪಂಕ್ತಿ ನಕ್ಕಿತು.

ಗುಜರಿ ಕಳ್ಳರೂ ಕಾಕಾ ಹೇಳಿದಂತೆಯೇ ಲೆಕ್ಕ ಹಾಕಿದ್ದಾರೆ. ಹಡಗಿನ ಹಿಂಭಾಗದಲ್ಲಿ ನಾನು ಬ್ಯಾಟರಿ ಬಿಟ್ಟು ನೋಡಿದ ಕಡೆ ಶಾಫ್ಟ್ ಮಾತ್ರ ಚಾಚಿಕೊಂಡಿತ್ತು, ಅದರ ತುದಿಯಲ್ಲಿ ಇರಬೇಕಾದ ಪ್ರೊಪೆಲ್ಲರ್ ಇರಲಿಲ್ಲ. ಇಂಥ ಕಳ್ಳರ ಭಯದಿಂದಲೇ 2002ರಲ್ಲಿ ಹಡಗಿನ ಗಂಟೆಯನ್ನು ಡೈವರ್‌ಗಳು ಸರ್ಕಾರದ ಅನುಮತಿ ಪಡೆದು ಮೇಲೆ ತಂದರು; ಅದು ಲಿವರ್‌ಪೂಲ್‌ನ ವಸ್ತುಸಂಗ್ರಹಾಲಯಕ್ಕೆ ಸೇರಿತು. 2023ರಲ್ಲಿ ಮಲೇಷ್ಯಾ ಇದೇ ಗುಮಾನಿಯ ಮೇಲೆ ಚೀನಾದ ಹಡಗೊಂದನ್ನು ತಡೆದು ಹಿಡಿದಾಗ ಅದರಲ್ಲಿ ಹಳೆಯ ತೋಪಿನ ಗುಂಡುಗಳು ಸಿಕ್ಕಿದ್ದವು.

ಏನು ತಂದೆ ಎನ್ನುವವರಲ್ಲಿ ಒಬ್ಬರಾದರೂ ನೀನು ಹೇಗೆ ಮೇಲೆ ಬಂದೆ ಎಂದು ಕೇಳಬಾರದೇ? ಹೇಳಲು ಇರುವುದೆಲ್ಲ ಅಲ್ಲಿದೆ. ಆ ಆಳದಲ್ಲಿ ಒತ್ತಡ ಮೇಲಿನದರ ಸುಮಾರು ಎಂಟು ಪಟ್ಟು. ಸಾಮಾನ್ಯ ಗಾಳಿಯನ್ನೇ ಉಸಿರಾಡಿದರೆ ಅದರೊಳಗಿನ ಸಾರಜನಕ ಕುಡಿದವರಂತೆ ಮತ್ತೇರಿಸುತ್ತದೆ, ಆಮ್ಲಜನಕವೇ ವಿಷವಾಗತೊಡಗುತ್ತದೆ. ಆದ್ದರಿಂದ ಎರಡನ್ನೂ ತಗ್ಗಿಸಿ ಹೀಲಿಯಂ ಬೆರೆಸುತ್ತಾರೆ. ನನ್ನ ಸಿಲಿಂಡರಿನಲ್ಲಿದ್ದದ್ದು ಶೇ 18 ಆಮ್ಲಜನಕ, ಶೇ 45 ಹೀಲಿಯಂ, ಉಳಿದದ್ದು ಸಾರಜನಕ. ಈ ಅನಿಲಗಳು ರಕ್ತ ಮಾಂಸಗಳಲ್ಲಿ ಕರಗಿ ಕುಳಿತಿರುತ್ತವೆ; ಅವಸರದಿಂದ ಮೇಲೆದ್ದರೆ ಅಲ್ಲಲ್ಲೇ ಗುಳ್ಳೆಗಳಾಗಿ ಕೀಲು ಹಿಡಿಯಬಹುದು, ಪಾರ್ಶ್ವವಾಯು ಆಗಬಹುದು, ಜೀವವೂ ಹೋಗಬಹುದು. ತಳದಲ್ಲಿ 20 ನಿಮಿಷ ಇದ್ದವನು ಹಗ್ಗದಗುಂಟ ನಿಂತು ನಿಂತು ಮೇಲೆ ಬರಲು ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ. 21 ಮೀಟರಿಗೆ ಬಂದಾಗ ಅರ್ಧದಷ್ಟು ಆಮ್ಲಜನಕವಿರುವ ಸಿಲಿಂಡರು, 6 ಮೀಟರಿನಲ್ಲಿ ಶುದ್ಧ ಆಮ್ಲಜನಕ. ಈ ಕೊನೆಯದನ್ನು ತಳದಲ್ಲಿ ತಪ್ಪಿ ಬಾಯಿಗಿಟ್ಟರೆ ಫಿಟ್ಸ್ ಬಂದು ಅಲ್ಲೇ ಮುಳುಗಿ ಸಾಯಬೇಕಾಗುತ್ತದೆ. ಹಾಗಾಗಿ ಪ್ರತಿ ಸಿಲಿಂಡರಿನ ಮೇಲೂ ಅದನ್ನು ಬಳಸಬಹುದಾದ ಆಳವನ್ನು ದಪ್ಪ ಅಂಕಿಯಲ್ಲಿ ಬರೆದಿರುತ್ತಾರೆ. ಜೊತೆಗಾರ ಆ ಅಂಕಿಯನ್ನು ಓದಿ ಕೈಸನ್ನೆ ಮಾಡುವವರೆಗೆ ನಾನು ಅದನ್ನು ಬಾಯಿಗಿಡುವುದಿಲ್ಲ.