ಅಮ್ಮನ ಜೊತೆ ಕುಕ್ಕೆಯಿಂದ ಕೊಲ್ಲೂರಿಗೆ: ದಿನಕ್ಕೆ ಒಂದೇ ಘಟ್ಟ

ಕುಕ್ಕೆ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು. ಬೆಂಗಳೂರಿನ ಕಡೆಯ ಎಷ್ಟೋ ಮನೆಗಳಲ್ಲಿ ರಜೆ ಅಂದರೆ ಇದೇ ಸುತ್ತು. ನಮ್ಮ ಮನೆಯಲ್ಲೂ ಅಷ್ಟೇ. ಚಿಕ್ಕವರಿದ್ದಾಗ ಮೆಟಡೋರ್ ಮಾಡಿಕೊಂಡು ಅಜ್ಜಿ, ಚಿಕ್ಕಪ್ಪ, ಅತ್ತೆ ಮಕ್ಕಳೆಲ್ಲ ಹೊರಡುತ್ತಿದ್ದೆವು. ಈಗ ಅಮ್ಮನನ್ನೂ ನನ್ನ ಮಕ್ಕಳನ್ನೂ ನಾನು ಕರೆದುಕೊಂಡು ಹೋಗುತ್ತೇನೆ. ಅಮ್ಮನಿಗೆ ಮಂಡಿನೋವು, ಚಿಕ್ಕವನಿಗೆ ಘಟ್ಟ ಹತ್ತಿದರೆ ವಾಂತಿ. ಇಂಥ ಮನೆಯವರು ಹೊರಡುವುದಾದರೆ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಘಟ್ಟದ ಲೆಕ್ಕ ಹಾಕಿ. ದಿನಕ್ಕೆ ಒಂದೇ ಘಟ್ಟ, ಅದೂ ಬೆಳಕಿರುವಾಗ. ಉಳಿದಿದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಮೊದಲ ಘಟ್ಟವನ್ನು ರೈಲಿಗೆ ಬಿಡುವುದು ಒಳ್ಳೆಯದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಗಲು ರೈಲು ಓಡುವ ದಿನ ನೋಡಿಕೊಂಡು ಸುಬ್ರಹ್ಮಣ್ಯ ರೋಡ್‌ಗೆ ಟಿಕೆಟ್ ಮಾಡಿ. ಸಕಲೇಶಪುರ ದಾಟಿದ ಮೇಲೆ ಐವತ್ತೈದು ಕಿಲೋಮೀಟರ್ ಘಟ್ಟ, 57 ಸುರಂಗ. ಮಕ್ಕಳಿಗೆ ಎಣಿಸುವುದೇ ಆಟ. 2021ರಿಂದ ಈ ದಾರಿಯ ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಆದರೆ ಮಾಮೂಲಿ ಬೋಗಿಯ ಕಿಟಕಿಯಲ್ಲಿ ತಣ್ಣನೆ ಗಾಳಿ ಬರುತ್ತದಲ್ಲ, ನಮಗೆ ಅದೇ ಇಷ್ಟ. ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಅಲ್ಲಿಂದ ದೇವಸ್ಥಾನಕ್ಕೆ ಸುಮಾರು 12 ಕಿಲೋಮೀಟರ್. ಬಸ್ಸು, ಜೀಪು ಸಿಗುತ್ತವೆ. ಮುಂದಿನ ಊರುಗಳಿಗೆ ಕಾರು ಬೇಕಾದರೆ ಅಲ್ಲಿಂದಲೇ ಮಾತಾಡಿಕೊಳ್ಳಿ. ಘಟ್ಟದ ದಾರಿ ದಿನಾ ಓಡಿಸುವವರ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಹಿಂದೆ ಕೂತ ಅಮ್ಮ ನಿದ್ದೆ ಮಾಡುತ್ತಾರೆ.

ಕುಕ್ಕೆಯಲ್ಲಿ ಕುಮಾರಧಾರೆಯಲ್ಲಿ ಮುಳುಗಿ ಎದ್ದು ದರ್ಶನಕ್ಕೆ ಹೋಗುವುದು ವಾಡಿಕೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಸ್ನಾನಘಟ್ಟವೇ ಮುಳುಗುತ್ತದೆ. ಆಗ ಹತ್ತಿರಕ್ಕೂ ಹೋಗಬೇಡಿ, ರೂಮಿನಲ್ಲೇ ತಲೆಸ್ನಾನ ಸಾಕು. ಸರ್ಪದೋಷಕ್ಕೆ ಮಾಡಿಸುವ ಆಶ್ಲೇಷಾ ಬಲಿ ಒಂದೇ ಹೊತ್ತಿನಲ್ಲಿ ಮುಗಿಯುತ್ತದೆ. ಸರ್ಪಸಂಸ್ಕಾರ ಎರಡು ದಿನದ ಸೇವೆ, ಮೊದಲೇ ಬುಕ್ ಮಾಡದೆ ಹೋಗಿ ಪ್ರಯೋಜನವಿಲ್ಲ. ಆದಿ ಸುಬ್ರಹ್ಮಣ್ಯಕ್ಕೆ ಖಂಡಿತ ಹೋಗಿ ಬನ್ನಿ. ಮುಖ್ಯ ದೇವಸ್ಥಾನದಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ. ಅಲ್ಲಿ ಪೂಜೆ ಹುತ್ತಕ್ಕೆ. ಪ್ರಸಾದವಾಗಿ ಹುತ್ತದ ಮಣ್ಣನ್ನೇ ಕೊಡುತ್ತಾರೆ. ಷಷ್ಠಿ, ಮಂಗಳವಾರ ಜನ ಜಾಸ್ತಿ. ಮಾರ್ಗಶಿರದ ಚಂಪಾಷಷ್ಠಿಗೆ ಮಂಡಿನೋವಿನವರನ್ನು ಕರೆದುಕೊಂಡು ಹೋಗಲೇಬೇಡಿ.

ಕುಕ್ಕೆಯಿಂದ ಧರ್ಮಸ್ಥಳಕ್ಕೆ ಘಟ್ಟವಿಲ್ಲ. ಬೆಳಿಗ್ಗೆ ಆರಾಮಾಗಿ ಹೊರಟರೂ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಸೋಮವಾರ ಮಂಜುನಾಥನ ವಾರ, ಕ್ಯೂ ಉದ್ದ. ಶನಿವಾರ, ಭಾನುವಾರವೂ ಅಷ್ಟೇ. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಗುಂಪು ಗುಂಪಾಗಿ ಬರುತ್ತಿದ್ದಾರೆ. ಜೀವಮಾನದಲ್ಲಿ ಒಂದು ಸಲವೂ ನೇತ್ರಾವತಿ ನೋಡದಿದ್ದ ಅಜ್ಜಿಯರು ಆಧಾರ್ ಕಾರ್ಡ್ ಹಿಡಿದುಕೊಂಡು ಬಸ್ಸಿಳಿಯುವುದನ್ನು ನೋಡಿದರೆ ಕ್ಯೂ ಉದ್ದವಾಯಿತು ಅಂತ ಬೇಜಾರು ಮಾಡಿಕೊಳ್ಳಲು ಮನಸ್ಸು ಬರುವುದಿಲ್ಲ. ಮಂಗಳವಾರದಿಂದ ಗುರುವಾರದೊಳಗೆ ಹೋದರೆ ಸ್ವಲ್ಪ ಸಲೀಸು. ನಿಲ್ಲಲಾಗದ ಹಿರಿಯರು ಜೊತೆಗಿದ್ದರೆ ಕ್ಯೂ ಹತ್ತುವ ಮುಂಚೆ ಅಲ್ಲಿಯ ಸಿಬ್ಬಂದಿಗೆ ಹೇಳಿ, ಬೇರೆ ದಾರಿ ಇದೆಯಾ ಅಂತ ಕೇಳಿ. ಒಳಗೆ ಹೋದ ಮೇಲೆ ಕೇಳಿದರೆ ಹಿಂದಕ್ಕೆ ಬರುವುದೇ ಕಷ್ಟ.

ಧರ್ಮಸ್ಥಳ ಅಂದರೆ ನನಗೆ ಅಜ್ಜಿಯ ಮುಡಿಪು. ಮನೆಯಲ್ಲಿ ಯಾವ ಮಗುವಿಗೆ ಜ್ವರ ಬಂದರೂ ಅಜ್ಜಿ ಅರಿಶಿನದ ಬಟ್ಟೆಯ ಚೂರಿನಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದೆ ಇಡುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಡಬ್ಬಿಯ ತುಂಬ ಚಿಕ್ಕ ಚಿಕ್ಕ ಗಂಟುಗಳು. ಅರಿಶಿನ ಮಾಸಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಆದರೆ ಹುಂಡಿ ಮುಂದೆ ನಿಂತು ಒಂದೊಂದೇ ಹಾಕುವಾಗ ಅಜ್ಜಿ ತಡವರಿಸುತ್ತಿರಲಿಲ್ಲ. ಇದು ನಿನಗೆ ಸೀತಾಳೆ ಅಮ್ಮ ಆದಾಗಿನದು, ಇದು ನಿನ್ನ ತಮ್ಮ ಬಾವಿ ಕಟ್ಟೆಯಿಂದ ಬಿದ್ದಾಗಿನದು ಅಂತ ಹೇಳಿ ಹೇಳಿ ಹಾಕುತ್ತಿದ್ದರು. ನಿಮ್ಮ ಮನೆಯಲ್ಲೂ ಮುಡಿಪು ಇದ್ದರೆ ಹೊರಡುವ ಹಿಂದಿನ ದಿನವೇ ಎತ್ತಿ ಹಿರಿಯರ ಕೈಚೀಲಕ್ಕೆ ಹಾಕಿ. ಸೂಟ್‌ಕೇಸಿನ ಅಡಿಗೆ ಸೇರಿದರೆ ಕ್ಯೂನಲ್ಲಿ ನಿಂತಾಗಲೇ ನೆನಪಾಗುವುದು.

ಅನ್ನಪೂರ್ಣ ಛತ್ರದಲ್ಲಿ ಊಟ ಮಾಡಿ, ಸಂಜೆ ಬಿಸಿಲು ಇಳಿದ ಮೇಲೆ ಬಾಹುಬಲಿ ಬೆಟ್ಟಕ್ಕೆ ಹೋಗಿ. 39 ಅಡಿಯ ಮೂರ್ತಿ, 1982ರಲ್ಲಿ ಪ್ರತಿಷ್ಠೆಯಾಗಿದ್ದು. ರಾತ್ರಿ ಅಲ್ಲೇ ಉಳಿಯಿರಿ. ಅದೇ ದಿನ ಹೊರನಾಡಿಗೆ ಹೋಗಿಬಿಡೋಣ ಅಂತ ಯಾರಾದರೂ ಹುರುಪು ತೋರಿಸಿದರೆ ಒಪ್ಪಬೇಡಿ.

ಯಾಕೆಂದರೆ ಮರುದಿನ ಚಾರ್ಮಾಡಿ. ಉಜಿರೆ ದಾಟಿದ ಮೇಲೆ ತಿರುವುಗಳೇ ತಿರುವುಗಳು. ಬೆಳಿಗ್ಗೆ ಪೂರಿ, ವಡೆ ಬೇಡ, ಇಡ್ಲಿ ಸಾಕು. ವಾಂತಿ ಮಾಡುವ ಮಗುವನ್ನು ಮುಂದೆ, ದೊಡ್ಡವರ ಮಡಿಲಲ್ಲಿ ಕೂರಿಸುವುದನ್ನು ಎಷ್ಟೋ ಜನ ಮಾಡುತ್ತಾರೆ, ಅದು ಅಪಾಯ. ಹಿಂದೆಯೇ ಬೆಲ್ಟ್ ಹಾಕಿ ಕೂರಿಸಿ, ಕಿಟಕಿ ಸ್ವಲ್ಪ ತೆಗೆದು, ಕೈಗೊಂದು ನಿಂಬೆಹಣ್ಣು ಕೊಡಿ. ಮೊಬೈಲ್ ಮಾತ್ರ ಕೊಡಬೇಡಿ. ಘಟ್ಟ ಹತ್ತಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಮ್ಮಿ. ಅಮ್ಮ ಇಳಿದು ಕಾಲು ನೀಡಿ ಕೂರಲು ಸರಿಯಾದ ಜಾಗವೂ ಅದೇ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದುಂಟು. ಹೊರಡುವ ಮುಂಚೆ ಉಜಿರೆಯಲ್ಲಿ ಒಂದು ಮಾತು ವಿಚಾರಿಸಿ.

ಕಳಸದಲ್ಲಿ ಕಳಸೇಶ್ವರನಿಗೆ ಕೈಮುಗಿದು ಹೊರನಾಡಿಗೆ ಹೋದರೆ ಮೆಟ್ಟಿಲುಗಳು ಎದುರಾಗುತ್ತವೆ. ಅವಸರ ಮಾಡದೆ ಹತ್ತಿಸಿ. ಗಂಡಸರು ಅಂಗಿ ತೆಗೆದು ಶಲ್ಯ ಹೊದ್ದು ಒಳಗೆ ಹೋಗಬೇಕು. ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರಿನಲ್ಲೂ ಅಂಗಿ ತೆಗೆಯಲೇಬೇಕು, ಹಾಗಾಗಿ ಪಂಚೆ, ಶಲ್ಯ ಬ್ಯಾಗಿನ ಮೇಲ್ಗಡೆಯೇ ಇರಲಿ. ಇಲ್ಲಿ ಬಂದವರು ಹಸಿದು ಹೋಗಬಾರದು ಅನ್ನುವುದೇ ಅನ್ನಪೂರ್ಣೇಶ್ವರಿಯ ನೇಮ. ದೇವಿಯ ಮುಂದೆ ನಿಂತಾಗ ಅಮ್ಮ ಏನನ್ನೂ ಬೇಡಿಕೊಳ್ಳುವುದಿಲ್ಲ. ಊಟಕ್ಕೆ ಕೂತಾಗ ಮೊದಲ ತುತ್ತು ಕೈಯಲ್ಲಿ ಹಿಡಿದು ಕಣ್ಣು ಮುಚ್ಚುತ್ತಾರೆ. ನೆಲದ ಮೇಲೆ ಕೂರಲಾಗದವರಿಗೆ ಬೆಂಚು ಸಿಗುತ್ತದಾ ಅಂತ ಬಡಿಸುವವರನ್ನು ಕೇಳಿ.

ಹೊರನಾಡಿನಿಂದ ಶೃಂಗೇರಿಗೆ ಕುದುರೆಮುಖದ ಕಾಡಿನ ದಾರಿ. ಕತ್ತಲಾಗುವ ಮುಂಚೆ ಕಾಡು ದಾಟಬೇಕು, ದಾರಿಯಲ್ಲಿ ಇಳಿದು ಊಟದ ಬುತ್ತಿ ಬಿಚ್ಚಬೇಡಿ. ಶೃಂಗೇರಿಯಲ್ಲಿ ಶಾರದಾಂಬೆಯ ದರ್ಶನ ಆದ ಮೇಲೆ ವಿದ್ಯಾಶಂಕರ ದೇವಾಲಯಕ್ಕೆ ಸಮಯ ಇಟ್ಟುಕೊಳ್ಳಿ. 1338ರದ್ದು. ಒಳಗೆ ಹನ್ನೆರಡು ರಾಶಿಗಳ ಹನ್ನೆರಡು ಕಂಬ. ನಿಮ್ಮ ರಾಶಿಯ ಕಂಬ ಯಾವುದು ಅಂತ ಮಕ್ಕಳಿಗೆ ಹುಡುಕಲು ಹೇಳಿ. ಆಮೇಲೆ ತುಂಗೆಯ ಮೆಟ್ಟಿಲಿನಲ್ಲಿ ಮೀನು ನೋಡುತ್ತಾ ಕೂತರೆ ಎಬ್ಬಿಸುವುದೇ ಕಷ್ಟ. ಮೆಟ್ಟಿಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ. ಚಿಕ್ಕ ಮಗುವಿದ್ದರೆ ಅಕ್ಷರಾಭ್ಯಾಸ ಇಲ್ಲೇ ಮಾಡಿಸಬಹುದು. ನನ್ನ ಮಗಳಿಗೂ ಇಲ್ಲೇ ಆಗಿದ್ದು. ಅಕ್ಕಿಯ ಮೇಲೆ ಬೆರಳು ಹಿಡಿಸಿ ಬರೆಸಿದಾಗ ಅವಳು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು!

ಶೃಂಗೇರಿಯಿಂದ ಉಡುಪಿಗೆ ಇಳಿಯುವ ಆಗುಂಬೆ ಘಟ್ಟಕ್ಕೆ 14 ಕಡಿದಾದ ತಿರುವುಗಳು. ದೊಡ್ಡ ಬಸ್ಸು ಇಳಿಯುವುದಿಲ್ಲ, ಮಿನಿ ಬಸ್ಸೇ. ದೊಡ್ಡ ಗುಂಪಿನವರು ಇದನ್ನು ಮೊದಲೇ ತಿಳಿದಿರಬೇಕು. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಒಂಬತ್ತು ಕಿಂಡಿಯಿಂದ. ಹಿಂದಿನವರು ಆತುರ ಮಾಡುತ್ತಾರೆ, ಹಾಗಾಗಿ ಮಕ್ಕಳನ್ನು ಎತ್ತಿಕೊಂಡೇ ಸಾಲಿಗೆ ಹೋಗಿ. ಎರಡು ವರ್ಷಕ್ಕೊಮ್ಮೆ, ಸರಿ ಸಂಖ್ಯೆಯ ವರ್ಷಗಳ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬ. ಆ ವಾರ ಉಡುಪಿಯಲ್ಲಿ ರೂಮು ಸಿಗುವುದು ಕಷ್ಟ.

ಕೊಲ್ಲೂರನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ರೂಢಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವವರೇ ಜಾಸ್ತಿ, ಆದರೆ ಒಂದು ರಾತ್ರಿ ಉಳಿದರೆ ರಾತ್ರಿ ಪೂಜೆಯಾದ ಮೇಲೆ ಕೊಡುವ ಕಷಾಯ ಸಿಗುತ್ತದೆ. ಘಟ್ಟ ಸುತ್ತಿ ಬಂದ ಗಂಟಲಿಗೆ ಅದು ಹಿತ. ಕೊಡಚಾದ್ರಿಗೆ ಜೀಪ್ ಇದೆ, ಆದರೆ ದಾರಿ ಸೊಂಟ ಮುರಿಯುವಂಥದ್ದು. ಅಮ್ಮನನ್ನು ದೇವಸ್ಥಾನದ ಪ್ರಾಂಗಣದಲ್ಲಿ ಬಿಟ್ಟು ಮಕ್ಕಳ ಜೊತೆ ನಾವು ಹೋಗಿಬರುತ್ತೇವೆ. ಮಳೆ ಬಿಟ್ಟ ಮೇಲೆ, ನವರಾತ್ರಿ ಮತ್ತು ದೀಪಾವಳಿ ರಜೆ ಬಿಟ್ಟು ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೊರಡಿ. ರೂಮುಗಳನ್ನು ದೇವಸ್ಥಾನಗಳ ಸ್ವಂತ ವಸತಿಗೃಹಗಳಲ್ಲೇ ಮೊದಲು ಕೇಳಿ, ನೆಲಮಹಡಿಯದ್ದೇ ಬೇಕು ಅಂತ ಒತ್ತಿ ಹೇಳಿ.