ಸೀಗಿ ಹುಣ್ಣಿಮೆ, ನೊಬೆಲ್, 20 ಮಿಲಿಗ್ರಾಂ

ಕೊಪ್ಪಳ
7 ಅಕ್ಟೋಬರ್ 2025, ಮಂಗಳವಾರ

ವೈದ್ಯಕೀಯದ ನೊಬೆಲ್ ನಿನ್ನೆ ಘೋಷಣೆಯಾಯಿತು. ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್. ಪಿಯುಸಿ ಮಕ್ಕಳಿಗೆ ಟಿ ಕೋಶದ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಪಾಠ ಬಂದಾಗಲೆಲ್ಲ ಸಕಾಗುಚಿಯ ಇಲಿಗಳ ಕಥೆ ಹೇಳುವುದು ನನ್ನ ಹಳೆಯ ಚಟ. ‘ಇದು ಪರೀಕ್ಷೆಗೆ ಬರ್ತದೇನ್ರಿ ಮಿಸ್’ ಅಂತ ಇನ್ನಾದರೂ ಯಾರೂ ಕೇಳಲಿಕ್ಕಿಲ್ಲ.

ಕಥೆ ಚೆನ್ನಾಗಿದೆ. ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ಗ್ರಂಥಿ ತೆಗೆದುಹಾಕಿದರೆ ಏನಾಗಬೇಕು? ಟಿ ಕೋಶಗಳು ಬಲಿಯುವ ಜಾಗವೇ ಅದು. ರೋಗನಿರೋಧಕ ಶಕ್ತಿ ಕುಂದಬೇಕು. ಆದದ್ದು ಉಲ್ಟಾ. ಇದ್ದಬದ್ದ ಕೋಶಗಳೇ ಕೆರಳಿ ಇಲಿಯ ಸ್ವಂತ ಅಂಗಗಳ ಮೇಲೆ ಬಿದ್ದವು. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದರೆ ಕಾಯಿಲೆ ತಡೆಯಲು ಸಾಧ್ಯವಾಯಿತು. ಅಂದರೆ ಟಿ ಕೋಶಗಳಲ್ಲೇ ಕೆಲವು, ಉಳಿದವನ್ನು ಹಿಡಿದು ನಿಲ್ಲಿಸುವಂಥವು ಇರಬೇಕು. ಅಂಥ ಕೋಶಗಳ ಹುಡುಕಾಟವನ್ನು ಬಹಳಷ್ಟು ವಿಜ್ಞಾನಿಗಳು ಆಗ ಕೈಬಿಟ್ಟಾಗಿತ್ತು. ಈತ ಬಿಡಲಿಲ್ಲ. 1995ರಲ್ಲಿ ಅವುಗಳ ಮೈಮೇಲಿನ ಗುರುತು ಸಮೇತ ತೋರಿಸಿದ. 2001ರಲ್ಲಿ ಬ್ರಂಕೋ, ರಾಮ್ಸ್‌ಡೆಲ್ ಬೇರೆ ದಾರಿಯಿಂದ ಅಲ್ಲಿಗೇ ಬಂದರು. ಚರ್ಮ ಹಕ್ಕಳೆಗಟ್ಟಿ ಕೆಲವೇ ವಾರಗಳಲ್ಲಿ ಸಾಯುವ ಒಂದು ತಳಿಯ ಗಂಡು ಇಲಿಗಳಲ್ಲಿ ಕೆಟ್ಟಿದ್ದ ಜೀನ್, ಫಾಕ್ಸ್‌ಪಿ3, ಸಿಕ್ಕಿತು. ಈ ನಿಯಂತ್ರಕ ಕೋಶಗಳು ರೂಪುಗೊಳ್ಳಲು ಬೇಕಾದ ಜೀನ್ ಅದೇ ಎಂಬುದು ಆಮೇಲೆ ಖಚಿತವಾಯಿತು.

ಇಂದು ವಾಲ್ಮೀಕಿ ಜಯಂತಿಯ ರಜೆ, ಮೇಲೆ ಸೀಗಿ ಹುಣ್ಣಿಮೆ. ಕಾಕಾ ಬಂದಿದ್ದ. ಗುಟ್ಕಾದ ದೆಸೆಯಿಂದ ಎಡಗೆನ್ನೆಯ ಆಪರೇಷನ್ ಆಗಿ, ಆಮೇಲೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು, ಈಗ ತಪಾಸಣೆಗೆ ಹುಬ್ಬಳ್ಳಿಗೆ ಹೋಗಿ ಬರುವವ. ಕೈಯಲ್ಲಿ ಯಾವುದೋ ‘ಇಮ್ಯುನಿಟಿ’ ಪುಡಿಯ ಡಬ್ಬಿ.

“ಅಲ್ಲಬೇ, ಮೈಯಾಗ ಶಕ್ತಿ ಇದ್ರ ಗಡ್ಡಿ ತಾನ ಕರಗೂದಿಲ್ಲೇನು?”

ಇದೇ ನೋಡಿ, ಎಲ್ಲರ ತಲೆಯಲ್ಲೂ ಕೂತಿರುವುದು. ಕೊರೋನಾ ಕಾಲದಿಂದ ಕಷಾಯ, ಪುಡಿ, ಚಾಕೊಲೇಟ್ ಎಲ್ಲವೂ ಶಕ್ತಿ ‘ಹೆಚ್ಚಿಸುತ್ತವೆ’. ಕ್ಯಾನ್ಸರಿನಲ್ಲಿ ಎಷ್ಟೋ ಸಲ ತೊಂದರೆ ಇರುವುದು ಶಕ್ತಿ ಸಾಲದ್ದರಲ್ಲಲ್ಲ, ಇದ್ದ ಶಕ್ತಿಗೆ ಬ್ರೇಕ್ ಬಿದ್ದಿರುವುದರಲ್ಲಿ. ಗಡ್ಡೆ ತನ್ನ ಸುತ್ತ ಇದೇ ನಿಯಂತ್ರಕ ಕೋಶಗಳನ್ನು ಸೆಳೆದು ಕೂರಿಸಿಕೊಳ್ಳುತ್ತದೆ. ಜೊತೆಗೆ, ಕೊಲ್ಲಲು ಬಂದ ಟಿ ಕೋಶದ ಮೇಲಿರುವ ಪಿಡಿ-1 ಎಂಬ ಬ್ರೇಕನ್ನು ಒತ್ತುತ್ತದೆ. ಪಿಡಿ-1 ಅನ್ನು 1992ರಲ್ಲಿ ಪತ್ತೆ ಮಾಡಿದವರು ತಸುಕು ಹೊಂಜೊ. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಸಡಿಲಿಸಿ ಇಲಿಗಳ ಗಡ್ಡೆ ಕರಗಿಸಿದವರು ಜೇಮ್ಸ್ ಆಲಿಸನ್. ಇಬ್ಬರಿಗೂ 2018ರ ನೊಬೆಲ್. ಇಮ್ಯುನೊಥೆರಪಿಯ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆಯ, ಹೆಸರಾಂತ ಇಂಜೆಕ್ಷನ್‌ಗಳು ಹೊಸ ಶಕ್ತಿ ತುಂಬುವುದಿಲ್ಲ, ಬ್ರೇಕ್ ತೆಗೆಯುತ್ತವೆ. ತೆಗೆದಾಗ ಕರುಳು, ಥೈರಾಯ್ಡ್, ಶ್ವಾಸಕೋಶ, ಚರ್ಮಕ್ಕೆ ಪೆಟ್ಟು ಬೀಳುವುದೂ ಉಂಟು. ಥೈಮಸ್ ಕಳೆದುಕೊಂಡ ಆ ಇಲಿಮರಿಗಳಿಗಾದದ್ದೂ ಇಂಥದ್ದೇ.

ಕಾಕಾನ ಮುಂದಿನ ಪ್ರಶ್ನೆ ರೊಕ್ಕದ್ದು. ನನಗೆ ನೊಬೆಲ್‌ಗಿಂತ ಹೆಚ್ಚು ಹಿಡಿಸಿದ ಕೆಲಸವೂ ರೊಕ್ಕದ್ದೇ.

ಪಿಡಿ-1 ಬ್ರೇಕ್ ತೆಗೆಯುವ ದುಬಾರಿ ಇಂಜೆಕ್ಷನ್ ನಿವೊಲುಮ್ಯಾಬ್‌ನ ಸಾಮಾನ್ಯ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೇ 20 ಮಿಲಿಗ್ರಾಂ ಕೊಟ್ಟು ನೋಡಿದರು. ಆರು ವಾರದ ಲೆಕ್ಕ ಹಾಕಿ: 720ರ ಜಾಗದಲ್ಲಿ 40! ಇದಕ್ಕೆ ಆಧಾರವಿತ್ತು. ಈ ಔಷಧ ಕಡಿಮೆ ಪ್ರಮಾಣದಲ್ಲೇ ರಕ್ತದ ಟಿ ಕೋಶಗಳ ಪಿಡಿ-1 ಅನ್ನು ಬಹುಪಾಲು ಹಿಡಿದುಬಿಡುತ್ತದೆ, ಆಮೇಲೆ ಸುರಿದಷ್ಟೂ ಹಿಡಿತ ಹೆಚ್ಚುವುದಿಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್ ಬಹಳ ಮುಂದುವರಿದಿದ್ದ 151 ರೋಗಿಗಳು. ಒಂದು ಗುಂಪಿಗೆ ಅಗ್ಗದ ಮೂರು ಗುಳಿಗೆ ಮಾತ್ರ, ಇನ್ನೊಂದಕ್ಕೆ ಗುಳಿಗೆಯ ಜೊತೆ ಈ ಚಿಕ್ಕ ಡೋಸ್. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 16.3, ಎರಡನೆಯದರಲ್ಲಿ ಶೇ. 43.4.

ಗುಣವಾದದ್ದಲ್ಲ, ಆಯುಷ್ಯ ಉದ್ದವಾದದ್ದು. ಅದನ್ನೂ ಹೇಳಿದೆ. ಆದರೂ ಔಷಧ ಮಾರುವವರಿಗೆ ಡೋಸ್ ಇಳಿಸಿ ನೋಡುವ ಉಮೇದು ಎಲ್ಲಿಂದ ಬರಬೇಕು? ಗುಟ್ಕಾ ಚೀಟಿ ಬೀದಿಬೀದಿಗೆ ಬಿದ್ದಿರುವ ದೇಶದ ಸರ್ಕಾರಿ ಆಸ್ಪತ್ರೆಯೇ ಆ ಪ್ರಶ್ನೆ ಕೇಳಬೇಕಿತ್ತು, ಕೇಳಿತು.

“ಹಂಗಾರ ನಂಗೂ ಅದನ್ನ ಹಾಕಸು.”

“ನಿನಗ ಈಗ ಗಡ್ಡಿ ಎಲ್ಲೈತಿ ಕಾಕಾ? ಅದು ಗಡ್ಡಿ ಇನ್ನೂ ಇದ್ದವ್ರಿಗೆ, ಇಲ್ಲಾ ಗಡ್ಡಿ ತಿರುಗಿ ಬಂದವ್ರಿಗೆ.”

ಗುರುವಾರ ತಪಾಸಣೆ. ಡಾಕ್ಟರಿಗೆ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ: ಕುತ್ತಿಗೆಯ ಸ್ಕ್ಯಾನ್ ಮತ್ತೆ ಯಾವಾಗ, ಬಾಯಿ ಪೂರ್ತಿ ತೆರೆಯಲು ವ್ಯಾಯಾಮ ಏನು, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೇ. ಪುಡಿಯ ಡಬ್ಬಿಯನ್ನೂ ಒಯ್ದು ತೋರಿಸು ಎಂದೆ. ಅದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಬೈಸಿಕೊಳ್ಳಬೇಕಾಗುತ್ತದೆಂದು ಅವನಿಗೂ ಗೊತ್ತು.