ಅಜ್ಜಿ, ಸಾರು ಚಿಂದಿ!

ಮಧ್ಯಾಹ್ನ ಅಕ್ಕನ ಮಗ ಎರಡನೇ ಸಲ ಸಾರು ಹಾಕಿಸಿಕೊಂಡು, "ಅಜ್ಜಿ, ಚಿಂದಿ!" ಅಂದ. ಅಮ್ಮ ಗಾಬರಿಯಿಂದ ಎದ್ದು ಒಲೆ ಪಕ್ಕದಲ್ಲಿದ್ದ ಹಳೇ ಸೀರೆ ತುಂಡು ತಂದರು. "ಎಲ್ಲಿ ಚೆಲ್ಲಿದೆಯಪ್ಪಾ?"

ತಪ್ಪು ಅಮ್ಮನದಲ್ಲ. ಅವರಿಗೆ ಚಿಂದಿ ಅಂದರೆ ಹರಿದ ಬಟ್ಟೆ. ಅವನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾವು ಕಾಲೇಜಲ್ಲಿದ್ದಾಗ 'ಸಖತ್' ಅಂತಿದ್ವಿ. ಅದರ ಮೂಲ 'ಸಖ್ತ್'. ಉರ್ದುವಿನಲ್ಲಿ ಗಟ್ಟಿ, ಕಠಿಣ ಅಂತ ಅರ್ಥ. ಹಾಗೆ ನೋಡಿದರೆ ಚಕ್ಕುಲಿ ಸಖತ್ತಾಗಿದೆ ಅಂದರೆ ಹಲ್ಲು ಹುಷಾರು ಅಂತ ಆಗಬೇಕಿತ್ತು, ಅಲ್ವಾ?

ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಸುಳ್ಳಿಗೇ ನಮ್ಮಲ್ಲಿ ಎಷ್ಟು ಪದ! ಬುರುಡೆ ಬಿಡೋದು, ರೈಲು ಬಿಡೋದು, ಕಾಗೆ ಹಾರಿಸೋದು, ಓಳು ಬಿಡೋದು. ಸ್ವಲ್ಪ ನಾಟಕ ಸೇರಿದರೆ ಡವ್. ಇವೆಲ್ಲ ಒಂದೇ ಅಲ್ಲ ಮತ್ತೆ. ಬುರುಡೆಯಲ್ಲಿ ಜಂಬ ಜಾಸ್ತಿ. ಕಾಗೆ ಹಾರಿಸುವವನಿಗೆ ಎದುರಿಗಿರುವವರು ನಂಬಲೇಬೇಕು ಅನ್ನೋ ಹಟ. "ಟ್ರಾಫಿಕ್ಕಲ್ಲಿದ್ದೀನಿ ಮಗಾ" ಅಂತ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳೋದು ಅಪ್ಪಟ ಕಾಗೆ. ನಿಜ ಹೇಳೋದಕ್ಕೆ ಮಾತ್ರ ಇಂಥ ಒಂದು ಮಜವಾದ ಪದವೂ ನೆನಪಾಗಲಿಲ್ಲ.

ರಾತ್ರಿ ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರು. ಅಡುಗೆಮನೆಯಿಂದ ಸಣ್ಣಗೆ ಕೇಳಿಸಿತು:

"ಇವತ್ತು ನನ್ನ ಸಾರು ಚಿಂದಿ ಆಗಿತ್ತಂತೆ ಕಣೇ."